ಕಟಕಟೆ ಹತ್ತಿದ ಇಸ್ತ್ರಿ ಅಕ್ಕ

ಕೋರ್ಟಿನಿಂದ ಕಾಗದ ಬಂತು ಅಂದರೆ ಸಾಕು, ಎಷ್ಟೋ ಮನೆಗಳಲ್ಲಿ ಒಲೆಯ ಮೇಲಿಟ್ಟ ಹಾಲು ಉಕ್ಕಿಹೋಗುತ್ತದೆ. ಇಸ್ತ್ರಿ ಅಕ್ಕನ ಮನೆಯಲ್ಲೂ ಅವತ್ತು ಅದೇ ಆಯಿತು. ಬೆಳಿಗ್ಗೆ ಎಂಟು ಗಂಟೆ. ಅಕ್ಕ ಕೆಲಸಕ್ಕೆ ಹೊರಡುವ ಆತುರದಲ್ಲಿದ್ದಳು. ಪೊಲೀಸಿನವರೊಬ್ಬರು ಬಾಗಿಲಲ್ಲಿ ನಿಂತು, ಸಹಿ ಹಾಕಿಸಿಕೊಂಡು, ಸಮನ್ಸ್ ಕೊಟ್ಟು ಹೋದರು. ಒಳಗೆ ಹಾಲು ಒಲೆಯೆಲ್ಲ ಹರಿದು ನೆಲಕ್ಕೆ ತೊಟ್ಟಿಕ್ಕುತ್ತಿತ್ತು. ಗಂಡ ಹೆಂಡತಿ ಇಬ್ಬರಿಗೂ ಅದರ ಕಡೆ ಗಮನವೇ ಇಲ್ಲ.

ಗಂಡ ಕಿಟಕಿಗಳಿಗೆ ಗಾಜು ಕೂರಿಸುವ ಕೆಲಸದವನು. ಕಾಗದ ಓದಿ ಮುಖ ಗಂಟಿಕ್ಕಿದ.

"ಸಾಕ್ಷಿ ಹೇಳೋಕೆ ಬರ್ಬೇಕಂತೆ. ಬಾಯ್ಲರ್ ಕೇಸು. ಮುಂದಿನ ತಿಂಗಳು ಹನ್ನೆರಡನೇ ತಾರೀಖು."

"ನಾಲ್ಕು ವರ್ಷ ಆಯ್ತಲ್ರೀ! ಈಗ ಕರೀತಾರಾ?"

"ಕರೆದ್ರೆ ಕರೀಲಿ. ಹೋಗಿ ನಿಂತ್ಕೊ, ಏನೂ ನೆನಪಿಲ್ಲ ಅನ್ನು, ಕೈ ತೊಳ್ಕೊಂಡು ಬಾ. ಊರ ಉಸಾಬರಿ ನಮಗ್ಯಾಕೆ?"

ಅಕ್ಕ ಬಲ ಮುಂಗೈಯ ಮೇಲಿನ ಸುಟ್ಟ ಕಲೆಯನ್ನು ಎಡಗೈಯಿಂದ ಸವರಿಕೊಂಡಳು. ನೆನಪಿಲ್ಲ ಅನ್ನುವುದು ಹೇಗೆ?

ನಾಲ್ಕು ವರ್ಷದ ಹಿಂದೆ ಅಕ್ಕ ಒಂದು ದೊಡ್ಡ ಲಾಂಡ್ರಿಯಲ್ಲಿದ್ದಳು. ಆಸ್ಪತ್ರೆಗಳ ಚಾದರ, ಹೋಟೆಲುಗಳ ಮೇಜುಬಟ್ಟೆ ಅಲ್ಲಿಗೆ ಬರುತ್ತಿದ್ದವು. ಒಂದು ಸಾಲಿನಲ್ಲಿ ಹದಿನಾಲ್ಕು ಇಸ್ತ್ರಿ ಮಿಷನ್ನು, ಹದಿನಾಲ್ಕು ಜನ ಹೆಂಗಸರು. ಮಿಷನ್ನುಗಳಿಗೆಲ್ಲ ಪಕ್ಕದ ಕೋಣೆಯ ಬಾಯ್ಲರಿನಿಂದ ಆವಿ ಬರುತ್ತಿತ್ತು. ಬಾಯ್ಲರ್ ನೋಡಿಕೊಳ್ಳುತ್ತಿದ್ದ ಹಿರಿಯರನ್ನು ಎಲ್ಲರೂ ಮಾವ ಅನ್ನುತ್ತಿದ್ದರು. ಆವಿ ಮಿತಿ ಮೀರಿದರೆ ತಾನಾಗಿ ತೆರೆದು ಹೊರಗೆ ಬಿಡುವ ಒಂದು ವಾಲ್ವ್ ಬಾಯ್ಲರಿನ ನೆತ್ತಿಯ ಮೇಲಿತ್ತು. ಹೀಗೆ ಆವಿ ಹೋದಾಗೆಲ್ಲ ಕೆಲಸ ಅರ್ಧ ಗಂಟೆ ನಿಲ್ಲುತ್ತಿತ್ತು. ಮ್ಯಾನೇಜರಿಗೆ ಅದನ್ನು ಸಹಿಸಲಾಗುತ್ತಿರಲಿಲ್ಲ.

ಒಂದು ದಿನ ಯಾರೋ ಆ ವಾಲ್ವನ್ನು ತಂತಿಯಿಂದ ಬಿಗಿದು ಕಟ್ಟಿದ್ದರು. ಬಾಯ್ಲರ್ ಸಿಡಿಯಿತು. ಮಾವ ಅಲ್ಲೇ ಹೋದರು. ಇಬ್ಬರು ಹೆಂಗಸರಿಗೆ ಮೈ ಬೆಂದಿತು. ಅವರಲ್ಲಿ ಒಬ್ಬಳು ಇಸ್ತ್ರಿ ಅಕ್ಕ.

ಮ್ಯಾನೇಜರು ಪೊಲೀಸರ ಮುಂದೆ ಒಂದೇ ಮಾತು ಹೇಳಿದ: "ನನಗೇನೂ ಗೊತ್ತಿಲ್ಲ. ತಂತಿ ಕಟ್ಟಿದ್ದು ಆ ಮುದುಕನೇ." ಸತ್ತವರು ಎದ್ದು ಬಂದು ಇಲ್ಲ ಅನ್ನುತ್ತಾರೆಯೇ? ಆ ಮಾತೇ ಬೀದಿ ಬೀದಿ ಸುತ್ತಿತು. ಮಾವನ ಮಗಳು ಪುಸ್ತಕಕ್ಕೆ ರಟ್ಟು ಕಟ್ಟುವ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಅವಳು ಎದುರಿಗೆ ಬಂದರೆ ಜನ ಕಿವಿಯಲ್ಲಿ ಪಿಸುಗುಟ್ಟುತ್ತಿದ್ದರು: "ತಂತಿ ಕಟ್ಟಿದವನ ಮಗಳು."

ಸಮನ್ಸ್ ಬಂದ ಸುದ್ದಿ ಕೇಳಿ ಆ ಹುಡುಗಿ ಅವತ್ತು ಸಂಜೆಯೇ ಬಂದಳು. ಬೆರಳ ತುದಿಯಲ್ಲಿ ಇನ್ನೂ ಅಂಟು ಒಣಗಿತ್ತು. ಹೊಸ್ತಿಲ ಆಚೆಯೇ ನಿಂತು ಕೇಳಿದಳು.

"ಅಕ್ಕ, ನಮ್ಮಪ್ಪ ತಂತಿ ಕಟ್ಟಿದ್ದು ಹೌದಾ? ಹೌದಾದ್ರೆ ಹೌದು ಅಂತಾನೇ ಕೋರ್ಟಲ್ಲಿ ಹೇಳಿ. ನಾನು ಬೇಜಾರು ಮಾಡ್ಕೊಳಲ್ಲ. ನಿಜ ಏನು ಅಂತ ಗೊತ್ತಾದ್ರೆ ಸಾಕು."

"ನಿಮ್ಮಪ್ಪ ಕಟ್ಟಿಲ್ಲ ಮಗೂ," ಎಂದಳು ಅಕ್ಕ. "ಕಟ್ಟಿದ್ದು ನಾನೇ ಅಂತ ಮ್ಯಾನೇಜರೇ ತನ್ನ ಬಾಯಲ್ಲಿ ನನ್ನ ಹತ್ರ ಹೇಳಿದ್ದಾನೆ. ಪೊಲೀಸರಿಗೆ ಆಗಲೇ ಹೇಳಿದ್ದೆ, ನಿನಗೂ ಹೇಳ್ಬೇಕಿತ್ತು."

ಹುಡುಗಿ ಹೋದ ಮೇಲೆ ಗಂಡ ಮೆಲ್ಲಗೆ ಹೇಳಿದ. "ನೀನು ಹೇಳೋದು ನಿಜಾನೇ. ಆದ್ರೆ ಮ್ಯಾನೇಜರ ಕಡೆ ವಕೀಲ ಸುಮ್ನೆ ಬಿಡ್ತಾನಾ? ಎಷ್ಟು ಗಂಟೆ, ಗೇಜ್ ಎಷ್ಟಿತ್ತು ಅಂತ ಕೇಳಿದ್ರೆ ಏನಂತೀಯ?"

ಮಿಷನ್ನಿನ ಮೇಲೆ ಆವಿಯ ಒತ್ತಡ ತೋರಿಸುವ ಮುಳ್ಳಿಗೆ ಗೇಜ್ ಅನ್ನುತ್ತಿದ್ದರು. ಮುಳ್ಳು ಐದರ ಕೆಂಪು ಗೀಟು ದಾಟಬಾರದು. ಅವತ್ತು ದಾಟಿತ್ತು. ಆರಕ್ಕೋ? ಏಳಕ್ಕೋ? ಅಕ್ಕ ಕಣ್ಣು ಮುಚ್ಚಿ ಎಷ್ಟು ನೆನೆದರೂ ಮುಳ್ಳು ಒಂದು ಕಡೆ ನಿಲ್ಲಲಿಲ್ಲ. ಆಮೇಲೆ ತಟ್ಟನೆ ಹೊಳೆಯಿತು.

"ರೀ, ಲೆಕ್ಕದ ಪುಸ್ತಕ!"

ಗಂಟೆಗೆ ಎಷ್ಟು ಚಾದರ ಒತ್ತಿದೆ ಎಂದು ಅಕ್ಕ ಒಂದು ಸಣ್ಣ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದಳು. ಆವಿ ಕಡಿಮೆಯಾದರೆ ಸುಕ್ಕು ಹೋಗುವುದಿಲ್ಲ, ಬೈಗುಳ ತನಗೆ. ಅದಕ್ಕೇ ಪಕ್ಕದಲ್ಲಿ ಗೇಜನ್ನೂ ಬರೆಯುವ ಅಭ್ಯಾಸ. ಅಪಘಾತದ ದಿನ ಪುಸ್ತಕ ಅವಳ ಏಪ್ರನ್ನಿನ ಜೇಬಿನಲ್ಲಿತ್ತು. ಆಸ್ಪತ್ರೆಯಲ್ಲಿ ಬಟ್ಟೆ ಗಂಟು ಕಟ್ಟಿ ಕೊಟ್ಟಿದ್ದರು. ಯಾರಿಗೆ ಬೇಕು ಇದು ಎಂದು ಪೊಲೀಸರಿಗೂ ಹೇಳದೆ, ತಗಡಿನ ಪೆಟ್ಟಿಗೆಯ ತಳದಲ್ಲಿ ಹಾಕಿಬಿಟ್ಟಿದ್ದಳು.

ಪೆಟ್ಟಿಗೆ ತೆಗೆದರು. ಪುಸ್ತಕ ನೀರು ಕುಡಿದು ಒಣಗಿ ಹಪ್ಪಳದಂತಾಗಿತ್ತು. ಶಾಯಿ ಅಲ್ಲಲ್ಲಿ ಹರಡಿತ್ತು. ಆದರೆ ಓದಲು ಬರುತ್ತಿತ್ತು: "10.20. ಗೇಜ್ 7. ಮ್ಯಾನೇಜರಿಗೆ ಹೇಳಿದೆ. ತಂತಿ ನಾನೇ ಕಟ್ಟಿದ್ದು, ಮುಟ್ಟಬೇಡಿ ಅಂದರು."

"ಏಳು!" ಎಂದಳು ಅಕ್ಕ. ಓದಿದ ಕೂಡಲೇ ಎಲ್ಲವೂ ಕಣ್ಣಿಗೆ ಕಟ್ಟಿತು. ಮ್ಯಾನೇಜರ ಕೋಣೆಯ ಫ್ಯಾನು, ಅವನು ತಲೆ ಎತ್ತದೆ ಆಡಿದ ಮಾತು, ಎಲ್ಲ.

ಗಂಡನಿಗೂ ಈಗ ಉತ್ಸಾಹ ಬಂತು. ಪೆನ್ನು ತಂದ. "ತಾಳು, ಮಾಸಿದ ಅಕ್ಷರದ ಮೇಲೆ ಒಂದು ಸಲ ತಿದ್ದಿಬಿಡ್ತೀನಿ. ಜಡ್ಜಿಗೆ ಚೆನ್ನಾಗಿ ಕಾಣ್ಲಿ."

"ಮುಟ್ಟಿದ್ರೆ ಕೈ ಮುರೀತೀನಿ!"

ಬಾಗಿಲಲ್ಲಿ ಪಕ್ಕದ ಮನೆಯ ದೊಡ್ಡಮ್ಮ ನಿಂತಿದ್ದರು. ಮೂವತ್ತು ವರ್ಷ ಕೋರ್ಟಿನಲ್ಲಿ ಬೆರಳಚ್ಚುಗಾರ್ತಿಯಾಗಿದ್ದವರು. ಸಾಕ್ಷಿಗಳು ಹೇಳಿದ್ದನ್ನು ಟೈಪ್ ಮಾಡಿ ಮಾಡಿ, ಯಾರಾದರೂ ಮಾತಾಡುತ್ತಿದ್ದರೆ ಈಗಲೂ ಅವರ ಬೆರಳು ತೊಡೆಯ ಮೇಲೆ ತಾವಾಗಿ ಕುಣಿಯುತ್ತವೆ. ಒಳಗೆ ಬಂದು ಪೆನ್ನು ಕಿತ್ತುಕೊಂಡರು.

"ಒಂದು ಚುಕ್ಕಿ ಸೇರಿಸಿದ್ರೂ ಈ ಪುಸ್ತಕ ಕೆಟ್ಟುಹೋಯ್ತು ಅಂತ ತಿಳ್ಕೊ. ಮಾಸಿದ್ರೆ ಮಾಸಿರ್ಲಿ. ಹೇಗಿದೆಯೋ ಹಾಗೇ ಇರ್ಬೇಕು."

"ಅಲ್ಲ ದೊಡ್ಡಮ್ಮ," ಗಂಡ ತಲೆ ಕೆರೆದುಕೊಂಡ, "ಕೋರ್ಟಲ್ಲಿ ಪುಸ್ತಕ ನೋಡ್ಕೊಂಡು ಹೇಳೋಕೆ ಬಿಡ್ತಾರಾ? ಪರೀಕ್ಷೇಲಿ ಚೀಟಿ ಇಟ್ಕೊಂಡ ಹಾಗಾಗಲ್ವಾ?"

"ಪರೀಕ್ಷೆ ಬೇರೆ, ಸಾಕ್ಷಿ ಬೇರೆ ಕಣಪ್ಪ. ಮನುಷ್ಯರು ಮರೀತಾರೆ ಅಂತ ಕಾನೂನಿಗೂ ಗೊತ್ತು. ಆ ಘಟನೆ ಆಗೋವಾಗಲೇ, ಇಲ್ಲ ನೆನಪು ಹಸಿಯಾಗಿದ್ದಾಗ್ಲೇ ನೀವೇ ಬರೆದಿಟ್ಟಿದ್ರೆ, ಜಡ್ಜ್ ಒಪ್ಪಿಗೆಯಿಂದ ಅದನ್ನ ನೋಡಿ ನೆನಪು ತಾಜಾ ಮಾಡ್ಕೋಬಹುದು. ಬೇರೆಯವರು ಬರೆದಿದ್ದೂ ನಡೆಯುತ್ತೆ, ಆಗಲೇ ನೀವು ಓದಿ ಸರಿ ಇದೆ ಅಂತ ಗೊತ್ತುಮಾಡ್ಕೊಂಡಿದ್ರೆ. ಒಂದೇ ಷರತ್ತು. ಎದುರು ಕಡೆಯವರು ಕೇಳಿದ್ರೆ ಅವರಿಗೂ ತೋರಿಸ್ಬೇಕು. ಅದರ ಮೇಲೆ ಅವರು ಪ್ರಶ್ನೆ ಕೇಳ್ತಾರೆ."

"ಹಾಗಾದ್ರೆ ಆ ದಿನ ಜೇಬಿಂದ ತೆಗೆದು ತೋರಿಸ್ಬಿಡ್ಲಾ?" ಅಕ್ಕ ಕೇಳಿದಳು.

"ಜಾದೂ ಮಾಡೋಕೆ ಹೋಗ್ತಿದ್ದೀಯಾ? ನಾಳೆಯೇ ಸರ್ಕಾರಿ ವಕೀಲರ ಆಫೀಸಿಗೆ ಹೋಗಿ ಕೊಡು. ಬಚ್ಚಿಟ್ಟು ತೆಗೆದ್ರೆ ಅನುಮಾನ ಬರುತ್ತೆ."

"ಇಡೀ ಪುಸ್ತಕ ಬಾಯಿಪಾಠ ಮಾಡ್ಕೊಂಡು ಹೋಗ್ಲಾ ದೊಡ್ಡಮ್ಮ?"

"ಗಿಳಿಪಾಠ ಒಪ್ಪಿಸೋರನ್ನ ನಾನು ಸಾವಿರ ಜನ ನೋಡಿದ್ದೀನಿ. ಎರಡನೇ ಪ್ರಶ್ನೆಗೇ ತೊದಲ್ತಾರೆ. ನೆನಪಿದ್ದದ್ದು ಹೇಳು. ನೆನಪಿಲ್ಲದ್ದು ನೆನಪಿಲ್ಲ ಅನ್ನು. ಅದ್ರಲ್ಲಿ ಅವಮಾನ ಏನೂ ಇಲ್ಲ."

ಗಂಡನಿಗೆ ಇನ್ನೂ ಒಂದು ಅಳುಕಿತ್ತು. "ಆ ವಕೀಲ ಇವಳ ಮಾತನ್ನ ತಿರುಚಿಬಿಟ್ರೆ? ಹೌದು ಇಲ್ಲ ಅಷ್ಟೇ ಹೇಳು ಅಂತ ಬಾಯಿ ಕಟ್ಟಿಬಿಟ್ರೆ?"

ದೊಡ್ಡಮ್ಮ ಕುರ್ಚಿ ಎಳೆದುಕೊಂಡು ಕುಳಿತರು. "ತಿರುಚೋಕೆ ನೋಡ್ತಾನೆ. ಅದು ಅವನ ಕೆಲಸ. ಮೊದಲು ನಮ್ಮ ಕಡೆ ವಕೀಲರು ಕೇಳ್ತಾರೆ. ಆಮೇಲೆ ಎದುರು ವಕೀಲರು ಕೇಳ್ತಾರೆ, ಅದಕ್ಕೆ ಪಾಟೀಸವಾಲು ಅಂತಾರೆ. ಎಲ್ಲರೂ ಅಲ್ಲಿಗೇ ಮುಗೀತು ಅಂದ್ಕೊಂಡು ಎದೆ ಒಡ್ಕೋತಾರೆ. ಮುಗಿದಿರಲ್ಲ. ಮೂರನೇದೊಂದಿದೆ, ಮರುವಿಚಾರಣೆ. ಪಾಟೀಸವಾಲಲ್ಲಿ ಗೋಜಲಾಗಿದ್ದನ್ನ ಬಿಡಿಸಿ ಹೇಳೋಕೆ ನಮ್ಮ ವಕೀಲರು ಇನ್ನೊಂದು ಸಲ ಕೇಳ್ತಾರೆ. ಅವಳು ಅಲ್ಲೀವರೆಗೆ ತಾಳ್ಮೆ ಇಟ್ಕೊಂಡ್ರೆ ಸಾಕು."

ಮರುದಿನ ಅಕ್ಕ ಅರ್ಧ ದಿನ ರಜೆ ಹಾಕಿ ಪುಸ್ತಕವನ್ನು ಸರ್ಕಾರಿ ವಕೀಲೆಗೆ ಕೊಟ್ಟು ಬಂದಳು. ಆಕೆ ಪುಟ ಪುಟ ತಿರುವಿ ನೋಡಿ, ನಕಲು ತೆಗೆಸಿ, ಒಂದು ಪ್ರತಿಯನ್ನು ಎದುರು ವಕೀಲರಿಗೂ ಕಳಿಸಿದರು.

ಹನ್ನೆರಡನೇ ತಾರೀಖು ಬಂತು. ಕೋರ್ಟಿನ ಹೊರಗಿನ ಬೆಂಚಿನ ಮೇಲೆ ಲಾಂಡ್ರಿಯ ಇನ್ನಿಬ್ಬರು ಹೆಂಗಸರು ಕುಳಿತಿದ್ದರು. ಅವರಿಗೂ ಸಮನ್ಸ್ ಬಂದಿತ್ತು. "ನಾವಂತೂ ಏನೂ ನೆನಪಿಲ್ಲ ಅಂದ್ಬಿಡ್ತೀವಮ್ಮ," ಎಂದಳು ಒಬ್ಬಳು. ಇನ್ನೊಬ್ಬಳು ಹೌದೆಂದು ತಲೆಯಾಡಿಸಿದಳು.

ಅಕ್ಕನ ಹೆಸರು ಕೂಗಿದರು. ಅವಳು ಕಟಕಟೆ ಹತ್ತಿ ನಿಂತಳು. ಹಿಂದಿನ ಸಾಲಿನಲ್ಲಿ ಗಂಡ, ದೊಡ್ಡಮ್ಮ, ಗೋಡೆಗೊರಗಿ ಮಾವನ ಮಗಳು. ಮ್ಯಾನೇಜರು ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ ಎದುರಿಗೇ ನಿಂತಿದ್ದ.

ಸರ್ಕಾರಿ ವಕೀಲೆ ಕೇಳುತ್ತಾ ಹೋದರು. ಅಕ್ಕ ಹೇಳುತ್ತಾ ಹೋದಳು.

"ಗೇಜ್ ಎಷ್ಟು ತೋರಿಸುತ್ತಿತ್ತು? ಆಗ ಸಮಯ ಎಷ್ಟು?"

ಓದಿ ತಿಂಗಳಾಗಿತ್ತು. ಪುಸ್ತಕ ವಕೀಲರ ಬಳಿಯೇ ಇತ್ತು. ಅಷ್ಟು ಜನರ ಮುಂದೆ ಅಕ್ಕನ ತಲೆಯೊಳಗಿನ ಅಂಕಿಗಳೆಲ್ಲ ಹಾರಿಹೋದವು. ಏನೋ ಒಂದು ಸಂಖ್ಯೆ ಹೇಳಿಬಿಡೋಣ ಅನ್ನಿಸಿತು. ಹೇಳಲಿಲ್ಲ.

"ಕೆಂಪು ಗೀಟು ದಾಟಿತ್ತು. ಸರಿಯಾದ ಅಂಕಿ ಈಗ ನೆನಪಿಗೆ ಬರ್ತಿಲ್ಲ ಸ್ವಾಮಿ."

"ಆಗ ಎಲ್ಲಾದರೂ ಬರೆದಿಟ್ಟಿದ್ದಿರಾ?"

"ನನ್ನ ಪುಸ್ತಕದಲ್ಲಿ ಬರೆದಿದ್ದೆ."

ಎದುರು ವಕೀಲರು ಚಂಗನೆ ಎದ್ದರು. "ಸಾಕ್ಷಿ ನೋಡಿ ಓದೋದಾದ್ರೆ ಅದು ಸಾಕ್ಷ್ಯ ಹೇಗಾಗುತ್ತೆ?"

ನ್ಯಾಯಾಧೀಶರು ಕೈ ಎತ್ತಿ ಅವರನ್ನು ತಡೆದು ಅಕ್ಕನ ಕಡೆ ತಿರುಗಿದರು. "ಮ್ಯಾನೇಜರ್ ಜೊತೆ ಮಾತಾಡಿದ ಎಷ್ಟು ಹೊತ್ತಿಗೆ ಬರೆದಿರಿ ತಾಯಿ?"

"ಅವರ ಕೋಣೆಯಿಂದ ಬಂದು ಮಿಷನ್ ಹತ್ರ ನಿಂತ ಕೂಡಲೇ ಸ್ವಾಮಿ. ಒಂದು ಚಾದರ ಒತ್ತೋಷ್ಟು ಹೊತ್ತೂ ಆಗಿರಲಿಲ್ಲ."

"ನೋಡಿ ನೆನಪು ಮಾಡಿಕೊಳ್ಳಲಿ," ಎಂದರು ನ್ಯಾಯಾಧೀಶರು. "ಪುಸ್ತಕ ನಿಮಗೂ ಸಿಗುತ್ತದೆ ವಕೀಲರೇ. ಎಷ್ಟು ಪ್ರಶ್ನೆ ಬೇಕಾದರೂ ಕೇಳಿ."

ಅಕ್ಕ ಪುಟ ತೆರೆದಳು. ಓದಿದಳು. ತಲೆ ಎತ್ತಿ ಸ್ಪಷ್ಟವಾಗಿ ಹೇಳಿದಳು.

"ಹತ್ತು ಇಪ್ಪತ್ತು. ಗೇಜ್ ಏಳು. ಹೋಗಿ ಹೇಳಿದೆ. ತಂತಿ ನಾನೇ ಕಟ್ಟಿದ್ದು, ಸಂಜೆ ಲೋಡ್ ಹೋಗೋವರೆಗೆ ಯಾರೂ ಮುಟ್ಟಬೇಡಿ ಅಂದ್ರು. ತಲೆ ಎತ್ತಿ ನನ್ನ ಮುಖ ಕೂಡ ನೋಡಲಿಲ್ಲ."

ಮಾವನ ಮಗಳು ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡಳು.

ಪಾಟೀಸವಾಲು ಶುರುವಾಯಿತು. ಎದುರು ವಕೀಲರು ಬೆಣ್ಣೆಯಂಥ ದನಿಯಲ್ಲಿ ಕೇಳಿದರು.

"ಏನಮ್ಮ, ಪೊಲೀಸರಿಗೆ ನೀವು 'ನಾನು ಮ್ಯಾನೇಜರನ್ನು ನೋಡಲಿಲ್ಲ' ಅಂತ ಹೇಳಿದ್ದೀರಿ. ಹೌದೋ ಇಲ್ಲವೋ?"

"ಹೇಳಿದ್ದು ಹೌದು, ಆದ್ರೆ..."

"ಆದ್ರೆ ಗೀದ್ರೆ ಬೇಡ. ಹೌದು ತಾನೇ? ಸರಿ. ಅಪಘಾತಕ್ಕೆ ಒಂದು ವಾರ ಮುಂಚೆ ನೀವು ಒಂದು ಮೇಜುಬಟ್ಟೆ ಸುಟ್ಟಿರಿ. ಮ್ಯಾನೇಜರು ಎಲ್ಲರ ಮುಂದೆ ಬೈದರು. ಹೌದೋ ಇಲ್ಲವೋ?"

"ಹೌದು."

"ಅದೇ ಸಿಟ್ಟು! ಇಷ್ಟೇ, ಸ್ವಾಮಿ." ವಕೀಲರು ಗೌನು ಸರಿಪಡಿಸಿಕೊಂಡು ಕುಳಿತರು.

ಅಕ್ಕನಿಗೆ ನೆಲ ಕುಸಿದಂತಾಯಿತು. ತಾನೇ ತನ್ನ ಬಾಯಿಂದ ಮಾವನನ್ನು ಮುಳುಗಿಸಿಬಿಟ್ಟೆನಾ? ಮ್ಯಾನೇಜರು ಸಣ್ಣಗೆ ನಗುತ್ತಿದ್ದ. ಹಿಂದೆ ಗಂಡ ಹಣೆ ಚಚ್ಚಿಕೊಂಡ. "ನಾನು ಹೇಳ್ಲಿಲ್ವಾ..." ದೊಡ್ಡಮ್ಮ ಅವನ ತೊಡೆ ಚಿವುಟಿದರು. "ಬಾಯಿ ಮುಚ್ಕೊಂಡು ನೋಡು. ಈಗ ಶುರು."

ಸರ್ಕಾರಿ ವಕೀಲೆ ಎದ್ದರು. "ಮರುವಿಚಾರಣೆ, ಸ್ವಾಮಿ." ಆಕೆ ಉತ್ತರವನ್ನು ಅಕ್ಕನ ಬಾಯಿಗೆ ತುರುಕಲಿಲ್ಲ. ಹಾಗೆ ಮಾಡುವಂತೆಯೂ ಇಲ್ಲ. ನೇರವಾಗಿ ಕೇಳಿದರು.

"ಮ್ಯಾನೇಜರನ್ನು ನೋಡಲಿಲ್ಲ ಎಂದು ಪೊಲೀಸರಿಗೆ ಹೇಳಿದಿರಲ್ಲ. ಅದು ಯಾವ ಹೊತ್ತಿನ ಮಾತು?"

ಎದೆಯ ಮೇಲಿಂದ ಯಾರೋ ಕಲ್ಲು ಎತ್ತಿದಂತಾಯಿತು ಅಕ್ಕನಿಗೆ.

"ಬಾಯ್ಲರ್ ಸಿಡಿದಾಗಿನ ಮಾತು. ಆಸ್ಪತ್ರೆಯಲ್ಲಿ ಪೊಲೀಸರು, ಸಿಡಿದಾಗ ಮ್ಯಾನೇಜರ್ ಎಲ್ಲಿದ್ರು ಅಂತ ಕೇಳಿದ್ರು. ಆಗ ನಾನು ಅವರನ್ನ ನೋಡಲಿಲ್ಲ ಅಂದೆ. ಸಿಡಿದಿದ್ದು ಹನ್ನೊಂದು ಗಂಟೆ ಆದ್ಮೇಲೆ. ನಾನು ಅವರ ಹತ್ರ ಮಾತಾಡಿದ್ದು ಹತ್ತು ಇಪ್ಪತ್ತಕ್ಕೆ."

"ಮೇಜುಬಟ್ಟೆ ಹೇಗೆ ಸುಟ್ಟಿತು?"

"ಅವತ್ತೂ ಗೇಜ್ ಕೆಂಪು ದಾಟಿತ್ತು ಸ್ವಾಮಿ. ಆರು ಇತ್ತು. ಮಿಷನ್ನು ಕೆಂಡ ಆಗಿತ್ತು. ಬಟ್ಟೆ ಇಟ್ಟ ಕೂಡಲೇ ಸೀದುಹೋಯ್ತು. ಆವಿ ಜಾಸ್ತಿ ಆಗಿದೆ, ವಾಲ್ವ್ ನೋಡ್ಸಿ ಅಂತ ಹೇಳಿದ್ದಕ್ಕೇ ನನಗೆ ಬೈದ್ರು. ಅದೂ ಬರ್ದಿದ್ದೀನಿ."

ಎದುರು ವಕೀಲರು ಎದ್ದೇ ಬಿಟ್ಟರು. "ಇದು ಹೊಸ ವಿಷಯ! ಮರುವಿಚಾರಣೆಯಲ್ಲಿ ತರುವಂತಿಲ್ಲ!"

"ಮೇಜುಬಟ್ಟೆಯನ್ನು ಇಲ್ಲಿಗೆ ತಂದವರು ನೀವೇ ಅಲ್ಲವೇ?" ನ್ಯಾಯಾಧೀಶರು ಶಾಂತವಾಗಿ ಹೇಳಿದರು. "ನೀವು ಕೇಳಿದ್ದಕ್ಕೆ ಅವರು ವಿವರಣೆ ಕೊಟ್ಟಿದ್ದಾರೆ. ಹೊಸದು ಅನ್ನಿಸಿದರೆ ಅಷ್ಟರ ಮಟ್ಟಿಗೆ ನೀವೂ ಇನ್ನೊಮ್ಮೆ ಕೇಳಬಹುದು."

ವಕೀಲರು ಪುಸ್ತಕ ಕೈಗೆತ್ತಿಕೊಂಡು ಆ ಪುಟ ಹುಡುಕಿದರು. "ಇದನ್ನ ನೀವು ಮೊನ್ನೆ ಕೂತು ಬರೆದಿದ್ದಲ್ಲ ಅಂತ ನಂಬೋದು ಹೇಗೆ?"

"ಪುಟದ ಕೆಳಗೆ ನೋಡಿ ಸಾರ್. ದಿನಾ ಕೆಲಸ ಮುಗಿದ ಮೇಲೆ ಸೂಪರ್‌ವೈಸರು ಕೆಂಪು ಪೆನ್ಸಿಲಲ್ಲಿ ಸಹಿ ಹಾಕೋರು. ತಾರೀಖೂ ಇದೆ. ಆ ಸಹಿಯ ಗೀಟು ನಾನು ಬರ್ದಿರೋ ಸಾಲಿನ ಮೇಲೇ ಹೋಗಿದೆ."

ವಕೀಲರು ನೋಡಿದರು. ನ್ಯಾಯಾಧೀಶರು ತರಿಸಿಕೊಂಡು ನೋಡಿದರು. ಸಹಿ ಇತ್ತು. ತಾರೀಖು ಇತ್ತು. ನೀಲಿ ಅಕ್ಷರದ ಮೇಲೆ ಕೆಂಪು ಗೀಟು ಉದ್ದಕ್ಕೆ ಹಾದುಹೋಗಿತ್ತು.

"ಬೇರೆ ಪ್ರಶ್ನೆ ಇಲ್ಲ," ಎಂದರು ವಕೀಲರು, ಯಾರಿಗೂ ಸರಿಯಾಗಿ ಕೇಳದ ಹಾಗೆ.

ಅಕ್ಕ ತಲೆ ಎತ್ತಿಕೊಂಡು ಹೊರಗೆ ಬಂದಳು. ಬೆಂಚಿನ ಮೇಲಿದ್ದ ಇಬ್ಬರೂ ಅವಳ ಮುಖ ನೋಡಿದರು. ಒಳಗೆ ನಡೆದದ್ದನ್ನು ಅವಳು ಹೇಳಲಿಲ್ಲ, ಹೇಳಬಾರದು ಎಂದು ದೊಡ್ಡಮ್ಮ ಮೊದಲೇ ಎಚ್ಚರಿಸಿದ್ದರು. "ಹೆದರ್ಬೇಡಿ" ಎಂದಳು ಅಷ್ಟೇ. ಅದೇ ಸಾಕಾಯಿತು. ಏನೂ ನೆನಪಿಲ್ಲ ಅನ್ನಲು ಬಂದಿದ್ದವಳು ಎದ್ದು ಬಟ್ಟೆ ಸರಿಮಾಡಿಕೊಂಡು ಒಳಗೆ ಹೋಗಿ, ಮಾವ ತಂತಿ ಬಿಚ್ಚಿಸಿ ಎಂದು ಮ್ಯಾನೇಜರ ಕೋಣೆಯ ಮುಂದೆ ಅಂಗಲಾಚಿದ್ದನ್ನು ಒಂದಕ್ಷರ ಬಿಡದೆ ಹೇಳಿದಳು. ಅವಳ ಹಿಂದೆ ಇನ್ನೊಬ್ಬಳು.

ಎರಡು ತಿಂಗಳಿಗೆ ತೀರ್ಪು ಬಂತು. ಮ್ಯಾನೇಜರಿಗೆ ಜೈಲು. ಅವತ್ತು ಕೋರ್ಟಿನ ಹೊರಾಂಗಣದಲ್ಲಿ ಲಾಂಡ್ರಿಯ ಹೆಂಗಸರೆಲ್ಲ ಸೇರಿದ್ದರು. ಮಾವನ ಮಗಳು ತೀರ್ಪಿನ ಪ್ರತಿಯನ್ನು ಕೈಯಲ್ಲಿ ಹಿಡಿದು, ಮೆಟ್ಟಿಲ ಮೇಲೆ ನಿಂತು, ಎಲ್ಲರಿಗೂ ಕೇಳುವಂತೆ ಓದಿದಳು: "ಬಾಯ್ಲರ್ ಕೆಲಸಗಾರನದು ಯಾವ ತಪ್ಪೂ ಇರಲಿಲ್ಲ. ಅಪಾಯವನ್ನು ತಪ್ಪಿಸಲು ಆತ ಕೊನೆಯವರೆಗೂ ಪ್ರಯತ್ನಿಸಿದ್ದ."

"ಇನ್ನೊಂದ್ಸಲ ಓದು!" ಎಂದು ಯಾರೋ ಕೂಗಿದರು. ಅವಳು ಓದಿದಳು. ಮೂರನೆಯ ಸಲ ಓದುವಷ್ಟರಲ್ಲಿ ಚಪ್ಪಾಳೆಯಲ್ಲಿ ಅವಳ ದನಿ ಮುಚ್ಚಿಹೋಯಿತು. ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ಹೊಡೆದವನು ಅಕ್ಕನ ಗಂಡ. ಮಾರನೇ ದಿನದಿಂದ ಅವನು ಗಾಜಿನ ಅಳತೆ ತೆಗೆಯಲು ಹೋದ ಮನೆಯಲ್ಲೆಲ್ಲ ಇದೇ ಪಾಠ ಮಾಡತೊಡಗಿದ: "ಮೂರನೇದೊಂದಿದೆ ಸ್ವಾಮಿ, ಮರುವಿಚಾರಣೆ ಅಂತ. ಗೊತ್ತಾ ನಿಮಗೆ?" ಕೇಳಿ ಕೇಳಿ ದೊಡ್ಡಮ್ಮನಿಗೇ ಸಾಕಾಯಿತು.

ಓದುತ್ತಿರುವ ಅಣ್ಣಂದಿರೇ, ಅಕ್ಕತಂಗಿಯರೇ, ಕೇಳುತ್ತಿರುವ ಹಿರಿಯರೇ, ನಾಳೆ ನಿಮ್ಮ ಕಣ್ಣೆದುರಿಗೂ ಒಂದು ಅನ್ಯಾಯ ನಡೆಯಬಹುದು. ನಡೆದರೆ, ಕಂಡದ್ದನ್ನು, ಕೇಳಿದ್ದನ್ನು ಆಗಲೇ ಬರೆದಿಡಿ. ತಾರೀಖು, ಗಂಟೆ ಹಾಕಿ. ಬರೆಯಲು ಬಾರದಿದ್ದರೆ ಬಲ್ಲವರಿಂದ ಬರೆಸಿ, ಆಗಲೇ ಓದಿಸಿ ಕೇಳಿ, ಸರಿಯಿದೆಯೋ ನೋಡಿ. ಆಮೇಲೆ ಅದನ್ನು ತಿದ್ದಬೇಡಿ, ಬಚ್ಚಿಡಬೇಡಿ. ಪೊಲೀಸರಿಗೂ ಸರ್ಕಾರಿ ವಕೀಲರಿಗೂ ತೋರಿಸಿ. ನಿಯಮಗಳ ಸೂಕ್ಷ್ಮ ಅವರೇ ತಿಳಿಸುತ್ತಾರೆ. ಕಟಕಟೆಯಲ್ಲಿ ಮರೆತರೆ ಮರೆತೆ ಅನ್ನಿ, ಬರೆದದ್ದಿದ್ದರೆ ಇದೆ ಅನ್ನಿ. ಪಾಟೀಸವಾಲಿನಲ್ಲಿ ನಿಮ್ಮ ಮಾತು ಅರ್ಧಕ್ಕೆ ತುಂಡಾದರೆ ಅಳಬೇಡಿ, ರೇಗಬೇಡಿ. ಉಳಿದರ್ಧ ಹೇಳಲು ಕಾನೂನು ನಿಮಗೆ ಜಾಗ ಇಟ್ಟಿದೆ.

ಸಮನ್ಸ್ ಬಂದರೆ ಬಾಗಿಲು ಹಾಕಿಕೊಳ್ಳಬೇಡಿ. ಮಾತಾಡಲಾಗದ ಯಾರೋ ಒಬ್ಬರು ನಿಮ್ಮ ಮಾತಿಗಾಗಿ ಕಾಯುತ್ತಿದ್ದಾರೆ. ಹೋಗಿ, ನಿಂತು, ಹೇಳಿ.